ಕತ್ತೆಯ ಕಿವಿ

ನಮ್ಮ ರೆಬೊಲೊ ಕೇರಿಯಲ್ಲಿ ನನ್ನನ್ನು ಅನ್ಸೆಲ್ಮೊ ಪೆರ್ತುಸ್ ಎಂದು ಪೂರ್ತಿ ಹೆಸರು ಹಿಡಿದು ಕರೆಯುವವರು ಇಗರ್ಜಿಯ ಪಾದ್ರಿ ಒಬ್ಬರೇ. ಉಳಿದವರಿಗೆಲ್ಲ ನಾನು ‘ಕತ್ತೆಯ ಕಿವಿ’. ಬೈಗುಳವಲ್ಲ, ಬಿರುದು. ಕತ್ತೆ ಎಂದರೆ ನಮ್ಮ ಪಿಕೊ, ಬೀದಿಯಲ್ಲಿ ಹಾಡು ಹಾಕಿ ಜನರನ್ನು ಕುಣಿಸುವ ಸೌಂಡ್ ಸಿಸ್ಟಮ್. ಎರಡಾಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಅವುಗಳ ಮುಖದ ಮೇಲೆ ಹಲ್ಲು ಕಿರಿದು ನಿಂತ ಒಂದು ಹಸಿರು ಕತ್ತೆ, ಅದರ ಕೆಳಗೆ ‘ಹೊಟ್ಟೆಕಿಚ್ಚಿನ ಕತ್ತೆ’ ಎಂದು ಬೆಂಕಿಬಣ್ಣದ ಅಕ್ಷರ. ಶನಿವಾರ ಬೀದಿಗೆ ತಂದು ನಿಲ್ಲಿಸಿದರೆ ಸುತ್ತಲಿನ ನಾಲ್ಕು ಬೀದಿಯವರು ಕುಣಿಯದೆ ಮನೆಗೆ ಹೋಗುವ ಹಾಗಿಲ್ಲ. ಕತ್ತೆಯ ಯಜಮಾನ ಉಬಾಲ್ದೊ. ಆದರೆ ಅದು ಹೇಗೆ ಕೂಗಬೇಕು ಎಂದು ತೀರ್ಮಾನಿಸುವವನು ಇಪ್ಪತ್ತಾರು ವರ್ಷದಿಂದ ನಾನು.

ನನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತವನು ಉಬಾಲ್ದೊ, ಅವಳಿಗೆ ಪದ್ರಿನೊ, ಎಂದರೆ ಧರ್ಮತಂದೆ. ಆವತ್ತಿನಿಂದ ಅವನು ನನಗೆ ಕಂಪಾದ್ರೆ, ನಾನು ಅವನಿಗೆ ಕಂಪಾದ್ರೆ. ನಮ್ಮಲ್ಲಿ ಕಂಪಾದ್ರೆ ಎಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಅಂಥವನು ಡಿಸೆಂಬರಿನಲ್ಲಿ ಬಂದು, ಅಂಗಳದ ಮಾವಿನ ಮರದ ಕೆಳಗೆ ಕೂತು, ನನ್ನ ಕಾಫಿ ಕುಡಿಯುತ್ತಲೇ ಹೇಳಿದ: “ಕಂಪಾದ್ರೆ, ನಿನ್ನ ವಾಲ್ವ್ ಆಂಪ್ಲಿಫೈಯರ್ ಎತ್ತೋಕೆ ನಾಲ್ಕು ಜನ ಬೇಕು. ಒಂದು ರಾತ್ರಿ ಹಾಡಿದ್ರೆ ಅದರ ಮೇಲೆ ಮೀನು ಹುರೀಬಹುದು. ಈಗೆಲ್ಲಾ ಕ್ಲಾಸ್ ಡಿ ಅಂತ ಬಂದಿದೆ, ಕಂಕುಳಲ್ಲಿ ಇಟ್ಕೊಂಡು ಹೋಗ್ಬಹುದು. ಅಂಗಡಿಯವನೇ ಬಂದು ಕೂರಿಸಿ, ಟ್ಯೂನ್ ಮಾಡಿ ಹೋಗ್ತಾನಂತೆ.”

“ಹಂಗಾದ್ರೆ ನಾನೇನು ಮಾಡ್ಲಿ?”

“ನೀನು ಬಾ, ಕೂತ್ಕೋ, ಬಿಯರ್ ಕುಡಿ.”

ಸತ್ತವರ ಮನೆಗೆ ಬಂದ ನೆಂಟರಿಗೆ ಹೇಳುವಂತೆ ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. ಕ್ಲಾಸ್ ಡಿ ತಾನೇ, ನಾನೇ ಮಾಡಿಕೊಡುತ್ತೇನೆ ಎಂದೆ. ಅವನು ನೆಲ ನೋಡುತ್ತ ಲೋಟ ಕೆಳಗಿಟ್ಟ. ಕಾರ್ನಿವಲ್‌ಗೆ ನಾಲ್ಕು ವಾರ ಇರುವಾಗ ಬಂದು ಕೇಳುತ್ತೇನೆ, ಸರಿಯಿದ್ದರೆ ಕತ್ತೆಯ ಕಿವಿ ನೀನೇ, ಇಲ್ಲದಿದ್ದರೆ ಅಂಗಡಿಯ ಡಬ್ಬ ಎಂದು ಹೇಳಿ ಹೋದ.

ವಾಲ್ವ್ ದೊಡ್ಡ ಮನಸ್ಸಿನ ಮನುಷ್ಯನಂತೆ, ಹಾಡಿದರೂ ಹಾಡದಿದ್ದರೂ ಉರಿಯುತ್ತಲೇ ಇರುತ್ತದೆ. ಕ್ಲಾಸ್ ಡಿ ಹಾಗಲ್ಲ. ಅದರೊಳಗಿನ ಟ್ರಾನ್ಸಿಸ್ಟರ್‌ಗಳಿಗೆ ಗೊತ್ತಿರುವುದು ಎರಡೇ, ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು. ಅದನ್ನೇ ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಮಾಡುತ್ತವೆ. ಒಂದು ಮುಚ್ಚುವ ಮೊದಲೇ ಅದರ ಜೊತೆಯದು ತೆರೆದರೆ ಎರಡೂ ಸತ್ತವು. ಮೊದಲ ಮೂರು ಸಲ ನನಗೆ ಹಾಗೇ ಆಯಿತು. ಪಟ್ ಎಂದು ಸದ್ದು, ಹೊಗೆ, ಬಾಯಿಗೆ ಬಂದ ಬೈಗುಳ. ಹಾಳಾದ ಕಂಪ್ಯೂಟರ್‌ಗಳಿಂದ ಕಬ್ಬಿಣದ ಪುಡಿಯಿಂದ ಮಾಡಿದ ಹಳದಿ ಬಳೆಗಳನ್ನು ಬಿಚ್ಚಿ ತಂದು, ಕಾಯಿಲ್ ಆಗಲೆಂದು ಅವುಗಳ ಮೇಲೆ ತಾಮ್ರದ ತಂತಿ ಸುತ್ತಿದೆ. ಬೆರಳುಗಳಲ್ಲಿ ಗೀರು ಬಿದ್ದವು.

ಟ್ರಾನ್ಸಿಸ್ಟರ್‌ಗಳ ಮೇಲಿನ ನಂಬರನ್ನೆಲ್ಲ ಮರಳು ಕಾಗದದಿಂದ ಉಜ್ಜಿ ಅಳಿಸಿದೆ. ನಮ್ಮ ಕಸುಬೇ ಹಾಗೆ. ಅಪರೂಪದ ಹಾಡು ಸಿಕ್ಕರೆ ಇನ್ನೊಂದು ಪಿಕೊದವರಿಗೆ ಹೆಸರು ತಿಳಿಯಬಾರದೆಂದು ರೆಕಾರ್ಡಿನ ನಡುವಿನ ಚೀಟಿಯನ್ನೇ ಕೆರೆದು ತೆಗೆಯುತ್ತೇವೆ. ಡಬ್ಬ ಮುಚ್ಚಿದ ಮೇಲೆ ತಿರುಪಿನ ತಲೆಗೆ ಒಂದು ಹನಿ ನೇಲ್ ಪಾಲಿಶ್ ಬಿಡುತ್ತೇವೆ. ಅದು ಒಡೆದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಒಬ್ಬನ ಡಬ್ಬವನ್ನು ಇನ್ನೊಬ್ಬ ತೆರೆಯುವುದು ಒಬ್ಬನ ಮನೆಯ ಮಲಗುವ ಕೋಣೆಗೆ ಇನ್ನೊಬ್ಬ ನುಗ್ಗಿದ ಹಾಗೆ.

ಪರೀಕ್ಷೆಯ ಶನಿವಾರ ಬೆಳಿಗ್ಗೆ ಕರೆಂಟಿನ ದಾರಿಯಲ್ಲಿ ಒಂದು ನೂರು ವಾಟಿನ ಬಲ್ಬು ಕಟ್ಟಿ ಸ್ವಿಚ್ ಹಾಕಿದೆ. ಬಲ್ಬು ಒಮ್ಮೆ ಭಗ್ಗೆಂದು ಬೆಳಗಿ ಮಂಕಾಯಿತು. ಅಂದರೆ ಒಳಗೆ ಎಲ್ಲೂ ಶಾರ್ಟ್ ಇಲ್ಲ. ಬಲ್ಬು ತೆಗೆದೆ. ಸ್ಪೀಕರ್ ಸುಟ್ಟೀತೆಂದು ಮೊದಲು ಬಕೆಟ್ ನೀರಿನಲ್ಲಿ ಹೀಟರ್ ಸುರುಳಿ ಮುಳುಗಿಸಿ ತಂತಿಯನ್ನು ಅದಕ್ಕೆ ಕೊಟ್ಟೆ. ಆಂಪ್ಲಿಫೈಯರ್ ಅರ್ಧ ಗಂಟೆ ನೀರಿಗೇ ಹಾಡಿತು. ನೀರು ಬೆಚ್ಚಗಾಯಿತು, ಅದರ ಅಲ್ಯೂಮಿನಿಯಂ ಬೆನ್ನು ಮಾತ್ರ ತಣ್ಣಗೇ ಇತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿದೆ. ಈ ವಯಸ್ಸಿನಲ್ಲಿ ಹೊಸ ವಿದ್ಯೆ ಕೈ ಹತ್ತಿತಲ್ಲ ಎಂದು ಕಣ್ಣು ತುಂಬಿತು.

ಆಮೇಲೆ ಪರೀಕ್ಷೆಗೆಂದು ಅಂಗಳಕ್ಕೆ ತಂದಿದ್ದ ಕತ್ತೆಯ ಎರಡು ಪೆಟ್ಟಿಗೆಗಳಿಗೆ ಜೋಡಿಸಿ, ಫೋನಿನಿಂದ ನೇರವಾಗಿ ಹಾಡು ಹಾಕಿದೆ. ಬಾಸ್ ಹೊಟ್ಟೆಗೆ ಬಂದು ಗುದ್ದಿತು. ಪಕ್ಕದ ಮನೆಯ ದೋನ್ಯಾ ಓಸಿರಿಸ್ ಧಡ್ಡೆಂದು ಕಿಟಕಿ ಹಾಕಿಕೊಂಡಳು. ಅವಳ ಅಳಿಯ ಇನ್ನೊಂದು ಪಿಕೊದಲ್ಲಿ ಪೆಟ್ಟಿಗೆ ಹೊರುವವನು. ಹೊಟ್ಟೆಕಿಚ್ಚು ಪಡಲಿ ಎಂದು ಇನ್ನಷ್ಟು ಏರಿಸಿದೆ.

ಅಷ್ಟರಲ್ಲಿ ಮಗಳು ಲೇದಿಸ್ ಊಟ ತಂದಳು. ತೆಂಗಿನ ಹಾಲಿನ ಅನ್ನ, ಹುರಿದ ಮೀನು. ಅವಳಿಗೆ ಮೂವತ್ತೆರಡು ವರ್ಷ, ಪೇಟೆಯಲ್ಲಿ ಟಿ.ವಿ., ಫೋನ್ ರಿಪೇರಿ ಮಾಡುತ್ತಾಳೆ. ನನ್ನ ಬೆಂಚಿನ ಕೆಳಗೇ ಬೆಳೆದ ಹುಡುಗಿ, ಬೆಸುಗೆ ಕಲಿಸಿದವನು ನಾನೇ. ಕತ್ತೆಯ ಜೊತೆ ಬರುತ್ತೇನೆಂದು ಎಷ್ಟೋ ವರ್ಷ ಹಟ ಮಾಡಿದ್ದಳು. ಪಿಕೊ ಹೆಂಗಸರ ಜಾಗವಲ್ಲ ಎಂದು ಬಾಯಿ ಮುಚ್ಚಿಸಿದ್ದೆ. ಅಂಗಳಕ್ಕೆ ಕಾಲಿಟ್ಟವಳೇ ಮುಖ ಕಿವಿಚಿಕೊಂಡಳು.

“ಆಫ್ ಮಾಡು ಅಪ್ಪಾ.”

“ಯಾಕೆ? ಹೆಂಗಿದೆ ಹೇಳು ಮೊದ್ಲು!”

“ಚೆನ್ನಾಗಿದೆ. ಊಟ ತಣ್ಣಗಾಗತ್ತೆ, ಆಫ್ ಮಾಡು.”

ಉಂಡೆದ್ದು ಕತ್ತೆಯ ಕಂಟ್ರೋಲ್ ಡಬ್ಬವನ್ನು ಬೆಂಚಿನ ಮೇಲಿಟ್ಟೆ. ಬಾಸ್, ಟ್ರೆಬಲ್, ವಾಲ್ಯೂಮ್ ಗುಂಡಿಗಳಿರುವ ಈ ಡಬ್ಬವೂ ನಾನೇ ಮಾಡಿದ್ದು. ಹೊಸ ಆಂಪ್ಲಿಫೈಯರಿಗೆ ಬೇರೆ ಪಿನ್ ಬೇಕಿತ್ತು, ಅದಕ್ಕೆ ಡಬ್ಬ ಬಿಚ್ಚಬೇಕು. ಲೇದಿಸ್ ಥಟ್ಟನೆ ಕೈ ಅಡ್ಡ ಇಟ್ಟಳು.

“ಕೊಡು, ನಾನು ಹಾಕ್ತೀನಿ. ನೀನು ಸ್ವಲ್ಪ ಮಲಗು.”

“ನನ್ನ ಡಬ್ಬ ನಾನು ಬಿಚ್ಚೋಕೆ ಯಾರ ಅಪ್ಪಣೆ ಬೇಕು?”

ತಿರುಪಿನ ಮೇಲೆ ನನ್ನ ಕಪ್ಪುಗೆಂಪು ಪಾಲಿಶ್ ಒಡೆಯದೆ ಹಾಗೇ ಇತ್ತು. ಕೆರೆದು, ಬಿಚ್ಚಿ, ಮುಚ್ಚಳ ತೆಗೆದೆ. ಟ್ರೆಬಲ್ ಗುಂಡಿಗೆ ಹೋಗುವ ಮೂರೂ ತಂತಿಗಳನ್ನು ಯಾರೋ ಕತ್ತರಿಸಿ, ತುದಿಗೆ ಟೇಪು ಸುತ್ತಿದ್ದರು. ಟೇಪಿನ ಮೇಲೆ ಧೂಳು ಗಟ್ಟಿಯಾಗಿತ್ತು. ಗುಂಡಿ ಎಷ್ಟು ತಿರುಗಿಸಿದರೂ ಸ್ವರ ಅಲುಗದಂತೆ ಅದರ ಜಾಗದಲ್ಲಿ ಒಂದು ಪುಟ್ಟ ರೆಸಿಸ್ಟರ್ ಬೆಸೆದಿದ್ದರು. ಅದರ ಕಾಲುಗಳನ್ನು ಎಡಕ್ಕೆ ಮಡಿಸಿದ್ದರು. ನಾನು ಬಲಕ್ಕೆ ಮಡಿಸುತ್ತೇನೆ. ಎಡಗೈಯವರು ಎಡಕ್ಕೆ ಮಡಿಸುತ್ತಾರೆ. ನನ್ನ ಬೆಂಚಿನಲ್ಲಿ ಕೂತು ಕೆಲಸ ಕಲಿತ ಎಡಗೈಯವರು ಒಬ್ಬರೇ.

“ಯಾರ ಕೈ ಇದು?”

“ಅಪ್ಪಾ...”

“ಯಾರ ಕೈ ಅಂತ ಕೇಳ್ದೆ.”

“ನಂದೇ.”

“ಯಾವಾಗ?”

“ಆರು ವರ್ಷ ಆಯ್ತು. ನೀನು ಟ್ರೆಬಲ್ ಎಷ್ಟು ಏರಿಸ್ತಿದ್ದೆ ಅಂದ್ರೆ ಜನ ಕಿವಿ ಮುಚ್ಕೊಂಡು ಆಚೆ ಬೀದಿಗೆ ಹೋಗ್ತಿದ್ರು. ನಿಂಗೆ ಆ ಚೂಪು ಸ್ವರ ಕೇಳೋದೇ ನಿಂತುಹೋಗಿದೆ ಅಪ್ಪಾ. ಪದ್ರಿನೊ ಬಂದು ನನ್ನ ಕೇಳಿದ್ರು, ‘ನಿಮ್ಮಪ್ಪನ್ನ ತೆಗೀಲಾ, ಗುಂಡೀನ ತೆಗೀಲಾ, ನೀನೇ ಹೇಳಮ್ಮ’ ಅಂತ. ಗುಂಡೀನ ತೆಗೆದೆ. ನಿನ್ನ ಪಾಲಿಶ್ಶನ್ನೇ ಮತ್ತೆ ಹಚ್ಚಿದೆ.”

ಆರು ವರ್ಷದ ಶನಿವಾರಗಳು ಕಣ್ಣ ಮುಂದೆ ಬಂದವು. ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಆ ಸತ್ತ ಗುಂಡಿಯನ್ನು ಎಳ್ಳಷ್ಟು ಆಚೆ ಎಳ್ಳಷ್ಟು ಈಚೆ ತಿರುಗಿಸಿ ‘ಈಗ ನೋಡಿ’ ಎನ್ನುತ್ತಿದ್ದೆ. ಉಬಾಲ್ದೊ ಹೆಬ್ಬೆರಳೆತ್ತಿ ‘ಆಹಾ, ಕತ್ತೆಯ ಕಿವಿ!’ ಎಂದು ಕೂಗುತ್ತಿದ್ದ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೆ ಮೈಯೆಲ್ಲ ಉರಿಯಿತು, ಹೊಡೆದುಬಿಡಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

“ಇನ್ನೂ ಏನೇನು ಮುಚ್ಚಿಟ್ಟಿದೀಯ, ಹೇಳ್ಬಿಡು.”

ಅವಳು ಹೊಸ ಆಂಪ್ಲಿಫೈಯರ್ ಕಡೆ ನೋಡಿದಳು. “ಇದು ಕಿರುಚ್ತಾ ಇದೆ. ಸೂಜಿ ಚುಚ್ಚಿದಂಗೆ ಒಂದೇ ಸಮ. ದೋನ್ಯಾ ಓಸಿರಿಸ್ ಸುಮ್‌ಸುಮ್ನೆ ಕಿಟಕಿ ಹಾಕ್ಕೊಂಡ್ಳು ಅಂದ್ಕೊಂಡ್ಯಾ?”

ನನಗೆ ತಕ್ಷಣ ಅರ್ಥವಾಯಿತು. ಪೆಟ್ಟಿಗೆಗೊಂದರಂತೆ ಒಳಗೆ ಎರಡು ಸರ್ಕ್ಯೂಟಿವೆ, ಬಲಗಡೆಯದು ಒಂದು ಲೆಕ್ಕದಲ್ಲಿ ತೆರೆದು ಮುಚ್ಚುತ್ತದೆ, ಎಡಗಡೆಯದು ಕೂದಲೆಳೆಯಷ್ಟು ಬೇರೆ ಲೆಕ್ಕದಲ್ಲಿ. ಎರಡರ ನಡುವಿನ ವ್ಯತ್ಯಾಸ ಸಿಳ್ಳೆಯಾಗಿ ಹೊರಬರುತ್ತದೆ. ಇದನ್ನು ಓದಿದ್ದೆ, ಕಾಗದದ ಮೇಲೆ ಗುರುತು ಹಾಕಿಕೊಂಡಿದ್ದೆ. ನನ್ನದರಲ್ಲಿ ಇಲ್ಲವೆಂದು ಬೆಳಿಗ್ಗೆಯಷ್ಟೇ ಕಿವಿಗೊಟ್ಟು ಕೇಳಿ ತೀರ್ಮಾನಿಸಿದ್ದೆ.

“ಸರಿ ಮಾಡೋಕಾಗತ್ತಾ? ನಾಲ್ಕು ಗಂಟೆಗೆ ಉಬಾಲ್ದೊ ಬಂದ್ಬಿಡ್ತಾನೆ.”

“ಎರಡಕ್ಕೂ ಒಂದೇ ತಾಳ ಕೊಟ್ರೆ ಆಯ್ತು. ಮಾಡ್ತೀನಿ. ಆದ್ರೆ ಒಂದು ಮಾತು.” ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು. “ಇದನ್ನ ಸರಿ ಮಾಡಿದ್ದು ಲೇದಿಸ್ ಅಂತ ಪದ್ರಿನೊಗೆ ನೀನೇ ಹೇಳ್ಬೇಕು. ಇನ್ಮೇಲೆ ಕತ್ತೆ ಜೊತೆ ನಾನೂ ಬರ್ತೀನಿ ಅಂತಾನೂ ಹೇಳ್ಬೇಕು. ನಿನ್ನ ಜಾಗ ನಂಗೆ ಬೇಡ. ನಿನ್ನ ಪಕ್ಕ ನಿಂತ್ಕೋತೀನಿ, ನಿಂಗೆ ಕೇಳ್ದೇ ಇರೋದನ್ನ ನಾನು ಕೇಳಿ ಹೇಳ್ತೀನಿ. ಕದ್ದುಮುಚ್ಚಿ ಮಾಡಿ ಸಾಕಾಗಿದೆ ಅಪ್ಪಾ.”

“ಹೇಳ್ತೀನಿ.”

“ನಿಜವಾಗ್ಲೂ?”

“ದೇವರಾಣೆಗೂ ಹೇಳ್ತೀನಿ ಕಣೇ.”

ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಅವಳು ಬೆಸುಗೆ ಕಡ್ಡಿ ಕಾಯಿಸಿ ಕೂತಳು. ಒಂದು ಸರ್ಕ್ಯೂಟಿನಲ್ಲಿ ತಾಳ ಹಾಕುವ ಭಾಗವನ್ನು ಕಿತ್ತು, ಇನ್ನೊಂದರ ತಾಳವನ್ನೇ ತಂತಿಯಿಂದ ಎರಡಕ್ಕೂ ಎಳೆದಳು. ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ. ನನ್ನ ಮಗಳು ನನಗಿಂತ ಒಳ್ಳೆಯ ಕೆಲಸಗಾರ್ತಿ ಎಂದು ಹೆಮ್ಮೆಯಾಯಿತು, ಹೊಟ್ಟೆಯಲ್ಲಿ ಕಿಚ್ಚೂ ಎದ್ದಿತು, ಯಾಕೆ ಸುಳ್ಳು ಹೇಳಲಿ. ಸ್ವಿಚ್ ಹಾಕಿದಾಗ ಅವಳ ಹಣೆಯ ಗಂಟು ಬಿಚ್ಚಿತು. ಸ್ವಲ್ಪ ಹೊತ್ತಿಗೆ ದೋನ್ಯಾ ಓಸಿರಿಸ್ ಕಿಟಕಿಯೂ ತೆರೆಯಿತು. ನನಗೆ ಮೊದಲು ಹೇಗಿತ್ತೋ ಈಗಲೂ ಹಾಗೇ ಇತ್ತು.

ನಾಲ್ಕಕ್ಕೆ ಉಬಾಲ್ದೊ ಬಂದ. ಅಂಗಿ ಗುಂಡಿ ಬಿಚ್ಚಿ ಪೆಟ್ಟಿಗೆಗಳ ಮುಂದೆ ನಿಂತು ಒಂದು ಹಾಡು ಪೂರ್ತಿ ಕೇಳಿದ. ಇನ್ನೊಂದು ಹಾಕಿಸಿದ. ಹಿಂದೆ ಹೋಗಿ ಆಂಪ್ಲಿಫೈಯರ್ ಬೆನ್ನು ಮುಟ್ಟಿ ನೋಡಿದ. ಆಮೇಲೆ ನನ್ನ ಹೆಗಲಿಗೆ ಎರಡೂ ಕೈ ಹಾಕಿ ಅಲುಗಾಡಿಸಿದ.

“ಅಯ್ಯೋ ನನ್ನಪ್ಪಾ, ಏನು ಸ್ವರ ಇದು! ಗಾಜು ಗಾಜು! ಅಂಗಡಿಯವನು ಹೋಗಿ ಹಾಳು ಬಾವಿಗೆ ಬೀಳ್ಲಿ. ಏನು ಕಿವಿ ಕಂಪಾದ್ರೆ ನಿಂದು!”

ಹಾಗೆ ಹೇಳುತ್ತಲೇ ನನ್ನ ಭುಜದಾಚೆ ಲೇದಿಸ್ ಕಡೆ ಕಣ್ಣು ಹೊಡೆದ. ನಾನು ನೋಡಿದೆ. ಆರು ವರ್ಷ ಹೀಗೇ ಹೊಡೆದಿರಬೇಕು.

“ನೀನೊಬ್ನೇ ಮಾಡಿದ್ಯಾ?” ಎಂದು ಕೇಳಿದ.

ಲೇದಿಸ್ ನನ್ನನ್ನೇ ನೋಡುತ್ತಿದ್ದಳು. ಹೆಸರು ನಾಲಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಸಿಳ್ಳೆಯ ಮಾತು ಬರುತ್ತದೆ, ಸಿಳ್ಳೆಯ ಹಿಂದೆ ಗುಂಡಿಯ ಮಾತು ಬರುತ್ತದೆ. ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾದ ಮೇಲೆ ನಾಳೆ ಯಾವ ಮುಖ ಹೊತ್ತು ಕತ್ತೆಯ ಮುಂದೆ ನಿಲ್ಲಲಿ? ಆ ಕಣ್ಣು ಹೊಡೆದವನ ಎದುರು ಚಿಕ್ಕವನಾಗಲು ನನ್ನಿಂದಾಗಲಿಲ್ಲ.

“ಒಬ್ನೇ, ಕಂಪಾದ್ರೆ,” ಎಂದೆ. “ಇವಳು ಊಟ ತಂದ್ಕೊಟ್ಳು.”

ಉಬಾಲ್ದೊ ಗಹಗಹಿಸಿ ನಕ್ಕು ಮತ್ತೆ ಹೆಗಲು ತಟ್ಟಿದ. ಲೇದಿಸ್ ಬೆಸುಗೆ ಕಡ್ಡಿಯ ಮೂತಿ ಒರೆಸಿ ಪ್ಲಗ್ ಕಿತ್ತಳು. ಅನ್ನದ ಪಾತ್ರೆ ಎತ್ತಿಕೊಂಡಳು. ಗೇಟಿನವರೆಗೆ ಹೋಗಿ, ಚಿಲಕದ ಮೇಲೆ ಕೈಯಿಟ್ಟು, ನಮಗೆ ಬೆನ್ನು ಮಾಡಿಕೊಂಡೇ ಏನೋ ಹೇಳಿದಳು. ತುಟಿ ಕಾಣದಿದ್ದರೆ ನನಗೆ ಮಾತು ಬರೀ ಗುಂಯ್ ಎನ್ನುತ್ತದೆ ಎಂಬುದನ್ನು ಆವರೆಗೆ ನಾನು ನನಗೂ ಒಪ್ಪಿಕೊಂಡಿರಲಿಲ್ಲ. ತಿರುಗಿ ನೋಡದೆ ಹೋದಳು. ಆ ಕಾರ್ನಿವಲ್ ಮುಗಿದು ಮುಂದಿನದೂ ಬಂತು, ಅವಳು ಮಾತ್ರ ನನ್ನ ಅಂಗಳಕ್ಕೆ ಮತ್ತೆ ಕಾಲಿಟ್ಟಿಲ್ಲ.

ಗೇಟು ಮುಚ್ಚಿದ ಮೇಲೆ ಉಬಾಲ್ದೊನನ್ನು ಕೇಳಿದೆ, ಏನಂದಳು ಎಂದು. ಅವನ ಮುಖದಲ್ಲಿ ನಗು ಇರಲಿಲ್ಲ. ನನ್ನ ಕಣ್ಣು ತಪ್ಪಿಸಿ ಹೇಳಿದ:

“ಏನಿಲ್ಲ ಬಿಡು ಕಂಪಾದ್ರೆ. ಹೋಗ್ಬರ್ತೀನಿ ಅಂದ್ಳು.”