ಪಿಕುನಳ ಹತ್ತು ಚೆಂಡು

ಕೈಗೆ ಬಂದ ವಿದ್ಯೆ ಕೈಬಿಟ್ಟು ಹೋಗುವುದಿಲ್ಲ ಎಂದು ಗಾಲ್ಫ್ ಕಲಿಸುವ ಪ್ರಸೋಂಗ್ ಮೇಷ್ಟ್ರು ಹೇಳಿದ್ದರು. ಮೂರು ವರ್ಷದ ಹಿಂದೆ ಪಿಕುನ್ ಕೊರಿಯಾದ ತರಕಾರಿ ತೋಟದ ಕೆಲಸಕ್ಕೆ ಹೊರಟು ನಿಂತಾಗ ಹೇಳಿದ ಮಾತು. "ಈಜು ಇದ್ದ ಹಾಗಮ್ಮ ಇದು. ಹೋಗಿ ಬಾ. ನಿನ್ನ ಬೀಸು ಎಲ್ಲಿಗೂ ಓಡಿಹೋಗಲ್ಲ."

ಆಗ ಅವಳ ಬೀಸನ್ನು ನೋಡಲೆಂದೇ ಜೊತೆಯ ಕ್ಯಾಡಿ ಹೆಂಗಸರು ಕೂರುತ್ತಿದ್ದರು. ಥಾಯ್ಲೆಂಡಿನ ಕಾಂಚನಾಬುರಿಯ ಆ ಗಾಲ್ಫ್ ಮೈದಾನಕ್ಕೆ ಸೋಮವಾರ ಆಡಲು ಬರುವ ಅತಿಥಿಗಳಿಲ್ಲ, ಹುಲ್ಲು ಕತ್ತರಿಸುವ ದಿನ. ಅಂದು ಅಭ್ಯಾಸದ ಅಂಗಳ ಕ್ಯಾಡಿಗಳದು. ವಾರವೆಲ್ಲ ಬೇರೆಯವರ ಕೋಲಿನ ಚೀಲ ಹೊತ್ತವರು ಅವತ್ತು ತಾವೇ ಕೋಲು ಹಿಡಿಯುತ್ತಿದ್ದರು. ಪಿಕುನ್ ಹೊಡೆದ ಚೆಂಡುಗಳು ಒಂದೇ ದಾರಿಯಲ್ಲಿ ಹಾರಿ ಒಂದೇ ಕಡೆ ಬೀಳುತ್ತಿದ್ದವು. ಟಕ್, ಟಕ್ ಎನ್ನುವ ಆ ಸದ್ದಿಗೆ ನಿದ್ದೆಯೇ ಬರುತ್ತದೆ ಎಂದು ಹಿರಿಯಳಾದ ಬುನ್ಮಾ ನಿಜಕ್ಕೂ ಕಣ್ಣು ಮುಚ್ಚುತ್ತಿದ್ದಳು.

ಕೊರಿಯಾದಿಂದ ಮರಳಿದ ಮೊದಲ ಸೋಮವಾರ ಪಿಕುನ್ ಕೋಲು ಬೀಸಿದಳು. ಚೆಂಡು ನೆಲ ಕಚ್ಚಿಕೊಂಡೇ ಎಡಕ್ಕೆ ಓಡಿ ಕೊಳಕ್ಕೆ ಬಿತ್ತು.

"ಏನಕ್ಕಾ, ಬಾತುಕೋಳಿ ಹೊಡೆಯಕ್ಕೆ ಹೋದ್ಯಾ?" ಎಂದಳು ಸೊಮ್‌ಜಿತ್. ಪಿಕುನಳಿಗಿಂತ ಹತ್ತು ವರ್ಷ ಚಿಕ್ಕವಳು, ಅವಳ ಕೈಕೆಳಗೇ ಕೆಲಸ ಕಲಿತವಳು.

"ಕೋಸು ಕೊಯ್ತಿದ್ದಾಳೆ ಕಣ್ರೇ!" ಬುನ್ಮಾ ತೊಡೆ ತಟ್ಟಿಕೊಂಡು ನಕ್ಕಳು. "ತಲೆ ಹಿಡ್ಕೊ, ಬುಡಕ್ಕೆ ಹಾಕು! ಮೂರು ವರ್ಷ ಅದೇ ಮಾಡಿದ್ಳಲ್ಲ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಪಿಕುನಳೇ. ತಮ್ಮವರ ಮೂದಲಿಕೆ ಕೇಳಿ ಎಷ್ಟು ಕಾಲವಾಗಿತ್ತು! ಒಂದು ವಾರ, ಹೆಚ್ಚೆಂದರೆ ಎರಡು ವಾರ ಎಂದುಕೊಂಡಳು.

ನಾಲ್ಕು ತಿಂಗಳಾಯಿತು. ಅತಿಥಿಗಳ ಚೀಲ ಇಳಿಸಿ, ಬಿಸಿಲಿಗೆಂದು ಮುಖಕ್ಕೆ ಕಟ್ಟಿದ ಬೆವರಿದ ಮುಸುಕನ್ನು ಬಿಚ್ಚದೆ, ಬೆಳಕು ಇರುವಷ್ಟು ಹೊತ್ತು ಹೊಡೆದಳು. ಚೆಂಡೆಲ್ಲ ಕೆಟ್ಟಿದ್ದರೆ ಅವಳು ಎಂದೋ ಕೈಚೆಲ್ಲುತ್ತಿದ್ದಳೇನೋ. ಆದರೆ ಇಪ್ಪತ್ತಕ್ಕೊಂದು ಚೆಂಡು ಹಳೆಯ ಹಾಗೆಯೇ ಎದ್ದು, ಗುಡ್ಡದ ಎದುರು ಒಂದು ಗಳಿಗೆ ನಿಂತಂತೆ ಕಂಡು, ಮೆತ್ತಗೆ ಇಳಿಯುತ್ತಿತ್ತು. ಆ ಒಂದು ಚೆಂಡೇ ಅವಳ ಶತ್ರು. ಈಗ ಮಾಡಿದ್ದನ್ನೇ ಮತ್ತೆ ಮಾಡು ಎಂದು ಮೈಗೆ ಹೇಳುವಳು. ಏನು ಮಾಡಿದೆ ಎನ್ನುವುದೇ ಮೈಗೆ ಗೊತ್ತಿರುತ್ತಿರಲಿಲ್ಲ.

ಬೇರೆಯವರ ಬೀಸಿನ ತಪ್ಪು ಅವಳಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಬ್ಯಾಂಕಾಕಿನ ಡಾಕ್ಟರರಿಗೆ ಹಿಮ್ಮಡಿ ಬೇಗ ಏಳುತ್ತದೆ, ಮೀನಿನ ವ್ಯಾಪಾರಿಗೆ ಕುತ್ತಿಗೆ ಗಟ್ಟಿ. ತನ್ನದೇನು? ಸೊಮ್‌ಜಿತ್ ಫೋನಿನಲ್ಲಿ ವೀಡಿಯೊ ಹಿಡಿದು ತೋರಿಸಿದಳು. ಕೋಲು ಮೇಲೇರುವವರೆಗೆ ಎಲ್ಲ ಸರಿ. ಅಲ್ಲಿಂದ ಸೊಂಟ ತಿರುಗುವ ಮೊದಲೇ ಬಲಗೈ ಒಂದೇ ಬಿರುಸಿನಲ್ಲಿ ಕೆಳಗಿಳಿಯುತ್ತಿತ್ತು. ಕೊರಿಯಾದ ತೋಟದಲ್ಲಿ ಎಡಗೈಯಲ್ಲಿ ಕೋಸಿನ ತಲೆ, ಬಲಗೈಯಲ್ಲಿ ಗಿಡ್ಡ ಕತ್ತಿ, ದಿನಕ್ಕೆ ಸಾವಿರ ತಲೆ. ಬುನ್ಮಾ ತಮಾಷೆಗೆ ಆಡಿದ್ದು ಅಕ್ಷರಶಃ ನಿಜವಾಗಿತ್ತು.

ಮಣಿಕಟ್ಟಿಗೆ ಬಟ್ಟೆ ಕಟ್ಟಿ ಹೊಡೆದಳು. ಬಲಗೈಯ ಎರಡೇ ಬೆರಳಲ್ಲಿ ಹಿಡಿದು ಹೊಡೆದಳು. ಗೇಟಿನ ಪಕ್ಕದ ಭೂತದ ಪುಟ್ಟ ಗುಡಿಗೆ ಊದುಬತ್ತಿ ಹಚ್ಚಿ, ಕೆಂಪು ಸೋಡಾ ಇಟ್ಟು ಬೇಡಿಕೊಂಡಳು. ಕೈ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಮಂಡಿ ಕೈಕೊಟ್ಟಿತು. ಸಂಜೆ ಮಕ್ಕಳಿಗೆ ಕಲಿಸಲು ಕ್ಯಾಡಿಗಳಲ್ಲೇ ಒಬ್ಬಳನ್ನು ಆರಿಸುತ್ತೇನೆಂದರು. ನೂರಿಪ್ಪತ್ತು ಹೆಜ್ಜೆ ದೂರದಲ್ಲಿ ಹಗ್ಗ ಹಾಸಿ ಒಂದು ಚೌಕ. ಹತ್ತು ಚೆಂಡು ಹೊಡೆಯಬೇಕು, ಏಳು ಅದರೊಳಗೆ ಬೀಳಬೇಕು. ಮೊದಲ ಅವಕಾಶ ಪಿಕುನಳಿಗೆ, ಅವಳಿಗೆ ಆಗದಿದ್ದರೆ ಸೊಮ್‌ಜಿತ್‌ಗೆ.

ಪಿಕುನಳಿಗೆ ಮೂವತ್ತೆಂಟು. ನಲವತ್ತು ದಾಟಿದ ಕ್ಯಾಡಿಯ ಅಂಗಿಯ ಮೇಲಿನ ನಂಬರು ಹೇಳಿ ಇವಳೇ ಬೇಕೆಂದು ಯಾವ ಅತಿಥಿಯೂ ಕೇಳುವುದಿಲ್ಲ. ಬೆಳಿಗ್ಗೆ ಸಾಲಿನಲ್ಲಿ ಕೂತು ಮಧ್ಯಾಹ್ನ ಹಾಗೆಯೇ ಎದ್ದು ಹೋಗುವ ಹೆಂಗಸರನ್ನು ಅವಳು ನೋಡಿದ್ದಳು. ಅವಳ ಮುಂದಿದ್ದದ್ದು ಈ ಒಂದೇ ಬಾಗಿಲು.

ಪರೀಕ್ಷೆಯ ಸೋಮವಾರ ಎಲ್ಲರೂ ಸೇರಿದ್ದರು. ಮೊದಲ ಚೆಂಡು ಹಗ್ಗದೊಳಗೆ ಬಿತ್ತು. ಎರಡನೆಯದೂ ಬಿತ್ತು. ಬುನ್ಮಾ ಶಿಳ್ಳೆ ಹಾಕಿದಳು. ಮೂರನೆಯದು ಎಡಕ್ಕೆ ಹೋಯಿತು.

"ಹೋಯ್ತು ಒಂದು ತಲೆ! ಮೂಟೆಗೆ ತುಂಬ್ರೇ!" ಎಂದು ಬುನ್ಮಾ ಕೂಗಿದಳು.

ನಾಲ್ಕನೆಯದೂ ಎಡಕ್ಕೆ. "ಎರಡಾಯ್ತು! ಸಾರಿಗೆ ಸಾಕು ಬಿಡೇ!" ಮತ್ತೆ ನಗು. ಆ ನಗುವಿನಲ್ಲಿ ಪಿಕುನಳ ಭುಜ ಸ್ವಲ್ಪ ಸಡಿಲವಾಗಿ ಐದನೆಯದು ಒಳಗೆ ಬಿತ್ತು. ಆರನೆಯದು ಎಡಕ್ಕೆ, ಹಗ್ಗದಿಂದ ಬಹಳ ದೂರ.

ಈ ಸಲ ಯಾರೂ ನಗಲಿಲ್ಲ. ಬುನ್ಮಾ ತನ್ನ ಕೈಗವಸು ನೋಡಿಕೊಳ್ಳುತ್ತಿದ್ದಳು. ಆಗ ಸೊಮ್‌ಜಿತ್ ಮೆತ್ತಗೆ ಹೇಳಿದಳು: "ಗಾಳಿ ಜಾಸ್ತಿ ಇದೆ ಅಕ್ಕ ಇವತ್ತು."

ಪಿಕುನ್ ತಲೆಯೆತ್ತಿದಳು. ಅಂಗಳದ ತುದಿಯ ಬಾವುಟ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಗಾಳಿ ಜಾಸ್ತಿ ಎನ್ನುವುದು ಕ್ಯಾಡಿಗಳು ಅತಿಥಿಗೆ ಹೇಳುವ ಮಾತು. ಎಲ್ಲ ಅತಿಥಿಗೂ ಅಲ್ಲ. ತಿದ್ದಿದರೆ ತಿದ್ದಿಕೊಳ್ಳುವವನಿಗೆ ಕಾಲು ಹೀಗಿಡಿ, ಕೈ ಹಾಗೆ ಹಿಡಿಯಿರಿ ಎನ್ನುತ್ತಾರೆ. ಈ ಜನ್ಮದಲ್ಲಿ ಇವನ ಕೈಲಾಗದು ಎಂದು ಖಚಿತವಾದ ಮೇಲೆ ಮಾತ್ರ ಗಾಳಿ ಜಾಸ್ತಿ, ಬಿಸಿಲು ಕಣ್ಣಿಗೆ ಹೊಡೆಯಿತು, ಹುಲ್ಲು ಒದ್ದೆಯಿತ್ತು. ಮಧ್ಯಾಹ್ನದ ಊಟಕ್ಕೆ ಅಂಟನ್ನದ ಬುಟ್ಟಿಯ ಸುತ್ತ ಕೂತು ಆ ಮಾತುಗಳನ್ನು ಅಣಕಿಸಿ ಅವಳೂ ಸೊಮ್‌ಜಿತ್ತೂ ಎಷ್ಟು ಸಲ ನಕ್ಕಿಲ್ಲ! ಕ್ಯಾಡಿಗೆ ಕ್ಯಾಡಿ ಹಾಗೆ ಹೇಳಿದ್ದನ್ನು ಅವಳು ಇದುವರೆಗೆ ಕೇಳಿರಲಿಲ್ಲ.

ಸೊಮ್‌ಜಿತ್‌ಗೂ ಅರಿವಾಗಿರಬೇಕು. ಅವಳ ಮುಖ ಸಪ್ಪಗಾಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುತ್ತದೆಯೇ?

ಏಳನೆಯದೂ ಎಡಕ್ಕೆ ಹೋಯಿತು. ನಾಲ್ಕು ತಪ್ಪಿದ ಮೇಲೆ ಏಳು ಎಲ್ಲಿಂದ ಬರಬೇಕು?

"ಸಾಕಾ ಮೇಷ್ಟ್ರೇ?" ಎಂದು ಕೇಳಿದಳು.

"ಎಣಿಸಿ ಇಟ್ಟಿದ್ದು ಹೊಡೆದು ಮುಗಿಸಮ್ಮ."

ಉಳಿದ ಮೂರನ್ನೂ ಹೊಡೆದಳು. ಮೂರೂ ಎಡಗಡೆ ಒಂದೇ ಜಾಗದಲ್ಲಿ, ಒಂದು ಚಾಪೆಯ ಅಗಲದಲ್ಲಿ ಬಿದ್ದವು. ನಾಲ್ಕು ತಿಂಗಳಿಂದ ಅವಳು ಬೇಡಿದ್ದು ಇದನ್ನೇ, ಪ್ರತಿ ಸಲವೂ ಒಂದೇ ಬೀಸು. ಬೇಡಿದ್ದು ಕೊನೆಗೂ ಸಿಕ್ಕಿತು, ಹಗ್ಗದ ಆಚೆಗೆ.

ಸೊಮ್‌ಜಿತ್‌ಳ ಸರದಿ ಬಂತು. ಅವಳ ಮೊದಲೆರಡು ಚೆಂಡೂ ಬಲಕ್ಕೆ ಜಾರಿದವು. ಕಾರಣ ಪಿಕುನಳಿಗೆ ಮೊದಲ ಬೀಸಿನಲ್ಲೇ ಕಂಡಿತ್ತು. ಹೇಳದಿದ್ದರೆ ಕೇಳುವವರು ಯಾರು? ಇಬ್ಬರೂ ಸೋತರೆ ಮೇಷ್ಟ್ರು ಇನ್ನೊಂದು ತಿಂಗಳು ಕಾಯಲೂಬಹುದು. ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿದಳು. ಮೂರನೇ ಚೆಂಡಿಗೆ ಸೊಮ್‌ಜಿತ್ ಕೋಲೆತ್ತುವಾಗ ಅವಳ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿದ್ದುದು ಕಂಡಿತು.

"ನಿಲ್ಲು. ಎಡಗಾಲಿನ ಬೆರಳು ಸ್ವಲ್ಪ ಹೊರಗೆ ತಿರುಗಿಸು. ಉಸಿರು ಬಿಟ್ಟು ಹೊಡಿ."

ಮೂರನೆಯದು ಒಳಗೆ ಬಿತ್ತು. ಉಳಿದ ಏಳೂ ಬಿದ್ದವು.

ಎಲ್ಲರೂ ಸೊಮ್‌ಜಿತ್‌ಳ ಸುತ್ತ ಸೇರಿದಾಗ ಪಿಕುನ್ ಮೇಷ್ಟ್ರ ಕುರ್ಚಿಯ ಹತ್ತಿರ ಹೋದಳು. ಯಾರನ್ನೂ ಏನನ್ನೂ ಕೇಳಿದವಳಲ್ಲ. ಈಗ ಕೇಳಿದಳು.

"ನೋಡಿದ್ರಲ್ಲ ಮೇಷ್ಟ್ರೇ. ಹೊಡೆದು ತೋರಿಸೋದು ಅವಳೇ ತೋರಿಸ್ಲಿ. ಪಕ್ಕದಲ್ಲಿ ನಿಂತು ನಾನು ಬಾಯಲ್ಲಿ ಹೇಳ್ತೀನಿ. ಅಷ್ಟಕ್ಕಾದ್ರೂ ಇಟ್ಕೊಳ್ಳಿ."

ಮೇಷ್ಟ್ರು ಮಂಡಿ ನೀವಿಕೊಂಡರು. "ನೋಡೋ ಕಣ್ಣು ನಿನ್ನಷ್ಟು ನನಗೂ ಇಲ್ಲಮ್ಮ. ಆದ್ರೆ ಮಕ್ಕಳು ಮಾತು ಕೇಳಿ ಕಲಿಯಲ್ಲ, ನೋಡಿ ಕಲೀತವೆ. ಹೇಳ್ತಾ ಹೇಳ್ತಾ ನಿನ್ನ ಕೈ ಎತ್ತದೆ ಇರಕ್ಕಾಗುತ್ತಾ? ಒಂದು ಸಲ ಎತ್ತಿದ್ರೆ ಸಾಕು, ಅದು ಅವುಗಳ ಕೈಗೆ ಹತ್ತಿಬಿಡುತ್ತೆ."

"ಹತ್ತುತ್ತೆ," ಎಂದಳು ಪಿಕುನ್. ಅದು ಸುಳ್ಳಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾಲ್ಕು ಗಂಟೆಗೆ ಮಕ್ಕಳು ಬಂದರು, ಹನ್ನೊಂದು ಜನ, ಅಳತೆ ಮೀರಿದ ಟೋಪಿಗಳಲ್ಲಿ. ಸೊಮ್‌ಜಿತ್ ಎದುರಿಗೆ ನಿಂತು ಕೋಲೆತ್ತಿದಳು. ಹನ್ನೊಂದು ಕೋಲು ಎದ್ದವು. ಅವಳು ಸೊಂಟ ತಿರುಗಿಸಿದಳು. ಮಕ್ಕಳೂ ತಿರುಗಿಸಿದರು. ಹೆಂಗಸರು ಬಸ್ಸಿಗೆ ಹೊರಟರು. ಪಿಕುನ್ ಹೋಗದೆ ಬೇಲಿಗೆ ಒರಗಿ ನಿಂತಳು. ಕೊನೆಯ ಸಾಲಿನ ಹುಡುಗಿಯೊಬ್ಬಳು ತಡವರಿಸಿದಳು. ಅವಳ ಹಿಡಿತ ತಪ್ಪಾಗಿತ್ತು. ಹುಡುಗಿ ಯಾರನ್ನಾದರೂ ನೋಡಿ ಸರಿಮಾಡಿಕೊಳ್ಳಲೆಂದು ಅತ್ತಿತ್ತ ನೋಡಿ, ಬೇಲಿಯ ಹತ್ತಿರ ನಿಂತಿದ್ದವಳ ಕಡೆ ತಿರುಗಿದಳು.

ಪಿಕುನ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.