ಅಂಗೈಯ ಲಿಂಗ, ಬೆಳಗಿನ ಗುಳಿಗೆ

ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ತಮ್ಮಣ್ಣನವರಿಗೆ ಈಗ ಒಂದೇ ಹಂಬಲ. ಇಷ್ಟಲಿಂಗವನ್ನು ತಾವೊಬ್ಬರೇ ಅಂಗೈಯಲ್ಲಿ ಹಿಡಿದು ಪೂಜೆ ಮಾಡಬೇಕು. ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೆ ಅವರ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಒಮ್ಮೆ ಲಿಂಗ ಜಾರಿ ಮಡಿಲಿಗೆ ಬಿತ್ತು. ಅಂದಿನಿಂದ ಹೆಂಡತಿ ಚಂದ್ರವ್ವ ಅವರ ಕೈಯ ಕೆಳಗೆ ತಮ್ಮ ಕೈ ಇಟ್ಟು ಹಿಡಿಯುತ್ತಾರೆ. ಅಂಗಿಯ ಗುಂಡಿ ಹಾಕುವುದೂ ಅವರೇ, ರೊಟ್ಟಿ ಮುರಿದು ಕೊಡುವುದೂ ಅವರೇ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಹೊಯ್ದು ದುಡಿದ ಆ ಕೈಗೆ ಈಗ ಕೆಲಸವೇ ಇಲ್ಲ.

"ಚಂದ್ರಾ, ಒಂದ ದಿನಾರೆ ನಾನ ಹಿಡೀತೀನಿ."

"ಸುಮ್ಮ ಕುಂದರ್ರಿ. ಮತ್ತ ಜಾರಿತಂದ್ರ?"

ಬೆಳಗಾವಿಯ ಡಾಕ್ಟರು ಅವರನ್ನು ಫಿಜಿಯೋಥೆರಪಿಸ್ಟ್ ಸಮೃದ್ಧಿಯ ಬಳಿ ಕಳಿಸಿದರು.

"ಕಾಕಾ, ನಿಮ್ಮ ಕೈ ಹೊಸಾದು ಎಷ್ಟ ಕಲೀತೈತಿ ನೋಡೂಣು," ಎಂದಳು ಸಮೃದ್ಧಿ.

ಚಂದ್ರವ್ವ ನಕ್ಕೇಬಿಟ್ಟರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರಿ ಬಾಯಾರ? ಅದೂ ಇಂಥಾ ಜಡ್ಡಿನಾಗ!"

"ಬಗ್ಗತೈತ್ರಿ ಕಾಕು. ತಡಾ ಆಗ್ತೈತಿ, ರೂಢಿ ಜಾಸ್ತಿ ಬೇಕು. ಎಲ್ಲಾರಿಗೂ ಒಂದ ಸಮ ಇರಂಗಿಲ್ಲ, ಅದಕ್ಕ ಪರೀಕ್ಷಾ ಮಾಡಿ ನೋಡೋದು."

ಬಣ್ಣದ ಗುಂಡುಗಳನ್ನು ಹೇಳಿದ ಕ್ರಮದಲ್ಲಿ ಬಟ್ಟಲಿಗೆ ಹಾಕಬೇಕಿತ್ತು. ತಮ್ಮಣ್ಣನವರ ಕೈ ಮೇಲೇಳಲೇ ಇಲ್ಲ. ಎದ್ದರೂ ಗುಂಡು ಉರುಳಿ ಹೋಯಿತು. ಅವರ ಕಣ್ಣು ತುಂಬಿತು.

ಸಮೃದ್ಧಿ ಕೇಳಿದಳು, "ಮುಂಜಾನಿ ಗುಳಿಗಿ ತಗೊಂಡೀರೇನ್ರಿ?"

"ಪೂಜಿ ಆಗದ ಬಾಯಾಗ ಹನಿ ನೀರ ಹಾಕಂಗಿಲ್ರಿ," ಎಂದರು ಚಂದ್ರವ್ವ. "ಇವತ್ತ ಇವರ ಕೈ ನಿಲ್ಲವಲ್ದಾತು. ಪೂಜಿ ಮುಗಿಯೂದ್ರಾಗ ಖಾನಾಪುರದ ಬಸ್ ಬಂತು, ಗುಳಿಗಿ ಹಂಗ ಉಳೀತು."

"ಅಯ್ಯ ಕಾಕು! ಗುಳಿಗಿ ಇಲ್ದ ಕೈ ನಿಲ್ಲಂಗಿಲ್ಲ, ಕೈ ನಿಲ್ದ ಪೂಜಿ ಮುಗಿಯಂಗಿಲ್ಲ, ಪೂಜಿ ಮುಗಿಯದ ಗುಳಿಗಿ ಇಲ್ಲ! ಇವತ್ತ ನಾ ನೋಡಿದ್ದು ಕಾಕಾನ ಕಲಿಕಿ ಅಲ್ಲ, ಗುಳಿಗಿ ತಪ್ಪಿದ ಕೈ."

ಊರಿಗೆ ಬಂದು, ಪೂಜೆಗೆ ಮೊದಲು ಗುಳಿಗೆ ನುಂಗಬಹುದೇ ಎಂದು ಮಠದ ಹಿರಿಯರಾದ ಬಸಯ್ಯನವರನ್ನು ಕೇಳಿದರು. "ಗುಳಿಗಿ ಏನ ಊಟಾನ ತಮ್ಮಣ್ಣ? ನುಂಗಿ, ಪೂಜಿಗೆ ಕುಂದ್ರು," ಎಂದರು ಅವರು.

ಮುಂದಿನ ಸಲ ಡಾಕ್ಟರು ಹೇಳಿದ ಹೊತ್ತಿಗೆ ಗುಳಿಗೆ ತೆಗೆದುಕೊಂಡೇ ಹೋದರು. ಸಮೃದ್ಧಿ ಚಪ್ಪಾಳೆಯ ತಾಳ ಹಾಕಿ ಗುಂಡುಗಳ ಕ್ರಮ ಕಲಿಸಿದಳು. ವಾರ ಬಿಟ್ಟು ಅದೇ ಹೊತ್ತಿಗೆ ಕರೆಸಿ, ಏನೂ ತೋರಿಸದೆ, "ಹಾಕ್ರಿ ಕಾಕಾ," ಎಂದಳು. ಕೈ ನಿಧಾನವಾಗಿತ್ತು, ನಡುಗುತ್ತಿತ್ತು. ಕ್ರಮ ಮಾತ್ರ ತಪ್ಪಲಿಲ್ಲ.

"ಕಲತದ್ದು ಉಳದೈತಿ ಕಾಕು! ಇನ್ನ ಮನ್ಯಾಗ ಮೊಣಕೈ ತೊಡಿಗೆ ಊರಿಸಿ, ಅಂಗೈಯಾಗ ನಿಂಬಿಹಣ್ಣ ಇಟ್ಟು ರೂಢಿ ಮಾಡಸ್ರಿ. ನೀವು ಬಾಜೂಕ ಕುಂದರ್ರಿ, ಮುಟ್ಟಬ್ಯಾಡ್ರಿ."

ಮುಟ್ಟದೆ ಇರುವುದೇ ಚಂದ್ರವ್ವನಿಗೆ ಕಠಿಣವಾಯಿತು. ನಿಂಬೆಹಣ್ಣು ಎಷ್ಟೋ ಸಲ ಉರುಳಿತು. ಒಂದು ಮುಂಜಾನೆ ಪೂಜೆಯಲ್ಲಿ ತಮ್ಮಣ್ಣನವರು ಮೆಲ್ಲಗೆ ಹೇಳಿದರು, "ಚಂದ್ರಾ, ಕೈ ತಗಿ."

ಆಕೆ ಕೈ ತೆಗೆದರು. ತಮ್ಮಣ್ಣನವರ ಅಂಗೈ ನಡುಗಿತು, ಲಿಂಗ ಜಾರಲಿಲ್ಲ. ಚಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಂಧುಗಳೇ, ಪಾರ್ಕಿನ್ಸನ್ ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಆದರೂ ಆ ಕೈ ಇನ್ನೂ ಕಲಿಯಬಲ್ಲದು. ಎಷ್ಟು ಕಲಿಯಬಲ್ಲದೆಂದು ಪರೀಕ್ಷೆ ಮಾಡಿಸಿ. ಡಾಕ್ಟರು ಹೇಳಿದ ಹೊತ್ತಿಗೆ ಗುಳಿಗೆ ಕೊಡಿ, ನೀವೇ ನಿಲ್ಲಿಸಬೇಡಿ. ನಿಮ್ಮವರ ಕೈಯಿಂದ ಕೆಲಸ ಕಿತ್ತುಕೊಳ್ಳುವ ಮುನ್ನ ಅವರನ್ನೇ ಒಂದು ಮಾತು ಕೇಳಿ: ನಿಮಗೆ ಯಾವ ಕೆಲಸ ನೀವೇ ಮಾಡಬೇಕೆಂಬ ಆಸೆ ಇದೆ?