ಮೂರನೇ ಪ್ರೆಸ್ಸಿನ ಎರಡು ಗುಂಡಿಗಳು

ಮೂರನೇ ಪ್ರೆಸ್ಸಿಗೆ ಕೂರಿಸಿದ ಹೊಸ ನಿಯಂತ್ರಣ ಪೆಟ್ಟಿಗೆಯ ಕೊನೆಯ ಸ್ಕ್ರೂ ಬಿಗಿದು ಫಿಟ್ಟರ್ ಹಿಂದಕ್ಕೆ ಸರಿದಳು. ಎದೆ ಡವಗುಟ್ಟಲಿಲ್ಲ, ಬಾಯಿ ಒಣಗಲಿಲ್ಲ. ಮೂರು ವಾರದ ಊಟದ ಬಿಡುವನ್ನೆಲ್ಲ ನುಂಗಿದ ಕೆಲಸ ಅದು. ಒಳಗಿನ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲಳು.

ನೋಡಲು ಬಂದವರು ಕಾರ್ಖಾನೆಯ ಯಜಮಾನರು, ಮ್ಯಾನೇಜರ್ ಮತ್ತು ಕೆಲಸಗಾರರ ಸಂಘದ ಅಧ್ಯಕ್ಷ. ಯಂತ್ರದ ಮುಂದೆ ಕೂತವಳು ಫಿಟ್ಟರಿನ ಒಡಹುಟ್ಟಿದ ಅಕ್ಕ. ಇವರು ಒಪ್ಪಿದರೆ ಎಂಟೂ ಪ್ರೆಸ್ಸಿಗೆ ಈ ಪೆಟ್ಟಿಗೆ. ಇಲ್ಲದಿದ್ದರೆ ಅಕ್ಕ ನಾಳೆಯೂ ಹಳೇ ಯಂತ್ರಕ್ಕೇ ಎಡಗೈ ಒಡ್ಡಬೇಕು. ಆ ಕೈಯಲ್ಲಿ ಈಗಾಗಲೇ ಎರಡು ಬೆರಳು ಕಡಿಮೆ.

ತಗಡನ್ನು ಒತ್ತಿ ಡಬ್ಬಿಯ ಮುಚ್ಚಳ ಮಾಡುವ ಯಂತ್ರ ಅದು. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯಬೇಕೆಂದು ನಿಯಮ, ಕೈಗಳು ಹೊರಗಿರಲಿ ಎಂದು. ಆದರೆ ದಿನದ ಗುರಿ ಮುಟ್ಟಬೇಕಲ್ಲ! ಎಲ್ಲರೂ ಎಡ ಗುಂಡಿಗೊಂದು ಮರದ ಬೆಣೆ ತುರುಕಿ, ಬಲಗೈಯಲ್ಲಿ ಒತ್ತುತ್ತ, ಎಡಗೈಯಲ್ಲಿ ತಗಡು ಇಟ್ಟು ತೆಗೆಯುತ್ತಿದ್ದರು. ಮ್ಯಾನೇಜರಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರಂತೆ ಓಡಾಡುವುದೂ ಅವರ ಕೆಲಸದಲ್ಲೇ ಸೇರಿತ್ತೇನೋ.

"ಶುರು ಮಾಡಕ್ಕಾ."

ಅಕ್ಕ ತಗಡಿಟ್ಟು ಒತ್ತಿದಳು. ಪ್ರೆಸ್ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಮೂರು ವಾರ ಕಡಿದು ಗುಡ್ಡೆ ಹಾಕಿದ್ದು ಇದೇನಾ?" ಎಂದರು ಮ್ಯಾನೇಜರ್.

ಫಿಟ್ಟರ್ ಬಗ್ಗಿ ನೋಡಿದಳು. ಎಡ ಗುಂಡಿಯಲ್ಲಿ ಬೆಣೆ ಕೂತಿತ್ತು. ಅಕ್ಕ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅಭ್ಯಾಸ ಕಣೇ! ಕೂತ ತಕ್ಷಣ ಕೈ ತಾನೇ ಇಟ್ಬಿಡ್ತು."

ಫಿಟ್ಟರಿಗೆ ನಗು ತಡೆಯಲಾಗಲಿಲ್ಲ. "ಕೆಟ್ಟಿಲ್ಲ ಸರ್, ಇದಕ್ಕೆ ಬುದ್ಧಿ ಬಂದಿದೆ. ಎರಡೂ ಗುಂಡಿ ಒಟ್ಟಿಗೇ ಒತ್ತಬೇಕು, ಪ್ರತಿ ಸಲ ಬಿಡಬೇಕು. ಒಂದು ಒತ್ತಿಕೊಂಡೇ ಇದ್ರೆ ಯಂತ್ರ ಇಳಿಯಲ್ಲ. ಇದನ್ನ ಕೊನೇಲಿ ತೋರಿಸೋಣ ಅಂತಿದ್ದೆ, ಅಕ್ಕ ಮೊದಲೇ ತೋರಿಸಿಬಿಟ್ಟಳು."

ಬೆಣೆ ಕಿತ್ತು ಬದಿಗಿಟ್ಟಳು. ಅಕ್ಕ ಎರಡೂ ಗುಂಡಿ ಒಟ್ಟಿಗೆ ಒತ್ತಿದಳು. ಪ್ರೆಸ್ ಧಡ್ಡೆಂದು ಇಳಿಯಿತು. ಒಂದಾದ ಮೇಲೊಂದು ಮುಚ್ಚಳ ಬಂದು ಬಿದ್ದವು. ಅಧ್ಯಕ್ಷ ಗಡಿಯಾರ ಹಿಡಿದು ನೋಡಿ, "ಹತ್ತಕ್ಕೊಂದು ಕಮ್ಮಿ ಆಗುತ್ತೆ. ಗುರಿ ಇಳಿಸಿದ್ರೆ ನಮ್ಮದೇನೂ ತಕರಾರಿಲ್ಲ" ಎಂದ.

ಯಜಮಾನರು ಬೆಣೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ನಮ್ಮವರು ಮಹಾ ಕಿಲಾಡಿಗಳಮ್ಮ. ನಾಳೆ ಇದಕ್ಕೂ ಒಂದು ದಾರಿ ಹುಡುಕಲ್ಲ ಅಂತ ಏನು ಗ್ಯಾರಂಟಿ?"

ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಆ ಬೆಣೆಯ ಗುರುತು ಫಿಟ್ಟರಿಗೆ ಚೆನ್ನಾಗಿಯೇ ಇತ್ತು. ಈಗ ಮಾತ್ರ ಅವಳ ಬಾಯಿ ಒಣಗಿತು.

"ಇಲ್ಲಿ ಮೊದಲನೇ ಬೆಣೆ ಮಾಡಿದ್ದೇ ನಾನು ಸರ್. ಅಕ್ಕ ಕೇಳಿದಳು ಅಂತ ಅಳತೆ ತಗೊಂಡು ಮಾಡಿಕೊಟ್ಟೆ. ಆರು ತಿಂಗಳಿಗೆ ಅವಳ ಬೆರಳು ಹೋಯ್ತು. ಯಂತ್ರಕ್ಕೆ ಮೋಸ ಮಾಡೋಕೆ ನನಗೆ ಗೊತ್ತಿರೋ ದಾರಿನೆಲ್ಲ ಈ ಪೆಟ್ಟಿಗೇಲಿ ನಾನೇ ಮುಚ್ಚಿದ್ದೀನಿ."

"ನಾನು ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲವಲ್ಲೇ," ಎಂದು ಅಕ್ಕ ಗದರಿದಳು.

ಯಜಮಾನರು ಮ್ಯಾನೇಜರ್ ಕಡೆ ತಿರುಗಿದರು. "ಎಂಟಕ್ಕೂ ಹಾಕಿಸಿ. ಗುರಿ ಇಳಿಸಿ."

ಅಕ್ಕ ಯಜಮಾನರ ಕೈಯಿಂದ ಬೆಣೆ ಇಸಿದುಕೊಂಡು ಗುಜರಿ ಡಬ್ಬಕ್ಕೆ ಎಸೆದಳು. ಮತ್ತೆ ಕೂತು, ಹೊಸ ತಗಡಿಟ್ಟು, ಎರಡೂ ಗುಂಡಿಯ ಮೇಲೆ ಕೈ ಇಟ್ಟಳು. ಒಂದರ ಮೇಲೆ ಐದು ಬೆರಳು, ಇನ್ನೊಂದರ ಮೇಲೆ ಮೂರು.